ಶಿವಪ್ರಕಾಶನ ಒಕ್ಕಣ್ಣಿನ ಕಾರ್ವೆಟ್

ಗಂಡಸರು ಸಂಜೆ ಮನೆಗೆ ಬರುವಾಗ ಏನಾದರೂ ಹಿಡಿದುಕೊಂಡು ಬರುವುದುಂಟು. ಮಸ್ಕತ್ತಿನಲ್ಲಿ ಹೆಚ್ಚಾಗಿ ಅದು ಆಫರಿನಲ್ಲಿ ಸಿಕ್ಕ ಈರುಳ್ಳಿ ಚೀಲ, ಇಲ್ಲವೇ ಮನೆಯಲ್ಲಿ ಆಗಲೇ ಎರಡು ಇದ್ದರೂ ತಂದ ಮೂರನೆಯ ಮಿಕ್ಸರ್. ಗದಗಿನ ಶಿವಪ್ರಕಾಶ ಒಂದು ಗುರುವಾರ ಸಂಜೆ ಕಾರನ್ನೇ ಹಿಡಿದುಕೊಂಡು ಬಂದ. ಬೆಳಿಗ್ಗೆ ಹೊರಟಾಗ ಅವನ ಕೈಯಲ್ಲಿದ್ದದ್ದು ನಾಲ್ಕು ಬಾಗಿಲಿನ ಬಿಳಿ ಜಪಾನಿ ಕಾರಿನ ಕೀಲಿ. ಸಂಜೆ ಇದ್ದದ್ದು ೧೯೭೨ರ ಕೆಂಪು ಕಾರ್ವೆಟ್ಟಿನ ಕೀಲಿ. ಅಮೆರಿಕದ್ದು, ಟಾಪು ಮಡಚುವಂಥದ್ದು, ಎರಡೇ ಸೀಟಿನದು.

ಅವನ ಹೆಂಡತಿ ಐಶ್ವರ್ಯಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಲ್ ಹೈಲಿನ ತಮ್ಮ ಫ್ಲಾಟಿನ ಕಟ್ಟಡದ ಪಾರ್ಕಿಂಗಿಗೆ ಇಳಿದು ಬಂದಳು. ಅವಳ ಹೆರಿಗೆ ರಜೆ ಇನ್ನು ಕೆಲವು ವಾರಗಳಲ್ಲಿ ಮುಗಿಯುವುದಿತ್ತು. ಒಮಾನಿನಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ. ರಜೆ ಮುಗಿದ ಭಾನುವಾರ ಏನೇನು ಮಾಡಬೇಕೆಂದು ಅವಳು ಮನಸ್ಸಿನಲ್ಲೇ ಹತ್ತಾರು ಸಲ ನಡೆಸಿ ನೋಡಿದ್ದಳು: ಮಗು ಇಂಚರಾಳನ್ನು ಹಿಂದಿನ ಸೀಟಿನಲ್ಲಿ ಬೇಬಿ ಸೀಟಿಗೆ ಕಟ್ಟುವುದು, ದಾರಿಯಲ್ಲಿ ಗೂಬ್ರಾದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ಲೆಮೆಂಟಿನಾ ಆಂಟಿಯ ಮನೆಯಲ್ಲಿ ಬಿಡುವುದು, ಅಲ್ಲಿಂದ ಅಲ್ ಖುವೈರಿನ ಆಫೀಸಿಗೆ ಹೋಗಿ ಅರ್ಧಕ್ಕೆ ಬಿಟ್ಟುಬಂದ ಕಟ್ಟಡದ ನಕ್ಷೆಯ ಮುಂದೆ ಕೂರುವುದು. ಮಗು ನೋಡಿಕೊಳ್ಳಲು ಊರಿಂದ ಬಂದಿದ್ದ ಅತ್ತೆ ಮಲ್ಲಕ್ಕನ ವೀಸಾ ಕೂಡ ಆ ಹೊತ್ತಿಗೇ ಮುಗಿಯುತ್ತಿತ್ತು. ಆ ಭಾನುವಾರ ಬರಲಾಗದಿದ್ದರೆ ಮೊದಲೇ ತಿಳಿಸಿ, ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಫೀಸಿನವರು ಬಹಳ ಸಿಹಿಯಾಗಿ ಹೇಳಿದ್ದರು. ಈ ಇಡೀ ಏರ್ಪಾಡು ನಿಂತಿದ್ದದ್ದು ಒಂದು ಹಿಂದಿನ ಸೀಟಿನ ಮೇಲೆ. ಆ ಸೀಟೇ ಈಗ ಮಾಯವಾಗಿತ್ತು.

"ಮುನ್ನೂರೈವತ್ತು ಕ್ಯೂಬಿಕ್ ಇಂಚಿನ ಇಂಜಿನ್ನು," ಎಂದ ಶಿವಪ್ರಕಾಶ, ಮಗು ಹುಟ್ಟಿದಾಗ ಅದರ ತೂಕ ಹೇಳಿದ್ದ ಅದೇ ದನಿಯಲ್ಲಿ. "ಅಂದ್ರ ಐದು ಪಾಯಿಂಟ್ ಏಳು ಲೀಟರ್. ಎಂಟು ಸಿಲಿಂಡರ್. ಇನ್ನೂರು ಕುದುರಿ ಶಕ್ತಿ!"

ಮಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದಳು.

"ಇನ್ನೂರು ಕುದುರಿ ಕಟ್ಟಿ, ಕೂಡಾಕ ಎರಡ ಮಂದಿಗೆ ಜಾಗಾ ಏನೋ ಶಿವ್ಯಾ? ನಿಮ್ಮ ಸೋದರಮಾವನ ಟಾಂಗಾಕ್ಕ ಇದ್ದದ್ದು ಒಂದ ಕುದುರಿ. ಏಳ ಮಂದಿ ಕೂಡ್ತಿದ್ವಿ."

"ಅವ್ವಾ, ಇದು ಸ್ಪೋರ್ಟ್ಸ್ ಕಾರ್."

"ಹಂಗಾರ ಆಟಗಿ ಸಾಮಾನು ಅನ್ನು. ಕೂಸಿಗೆ ತಂದಿ ಏನು?"

ಮಲ್ಲಕ್ಕನ ಕೈಯಲ್ಲಿ ತರಕಾರಿ ಚೀಲವಿತ್ತು. ಅದನ್ನು ಇಟ್ಟು ನೋಡೋಣವೆಂದು ಡಿಕ್ಕಿ ಹುಡುಕಿದಳು. ಹಿಂದಿನ ಮುಚ್ಚಳ ಎತ್ತಿದರೆ ಅಲ್ಲಿ ಮಡಚಿದ ಟಾಪು ಕೈಕಾಲು ಮುದುರಿ ಮಲಗಿತ್ತು. ಸಾಮಾನು ಇಡಬೇಕಾದರೆ ಸೀಟು ಬಗ್ಗಿಸಿ ಅದರ ಹಿಂದಿನ ಸಂದಿಯಲ್ಲಿ ತುರುಕಬೇಕಂತೆ. ಐಶ್ವರ್ಯಾ ಮೇಲೆ ಹೋಗಿ ಬೇಬಿ ಸೀಟು ತಂದಳು. ಮುಂದಿನ ಸೀಟಿನಲ್ಲಿ ಅದು ಸಣ್ಣ ಬುಟ್ಟಿಯಲ್ಲಿ ದೊಡ್ಡ ಕುಂಬಳಕಾಯಿ ಇಟ್ಟ ಹಾಗೆ ಸೊಟ್ಟಗೆ ಕೂತಿತು. ಐವತ್ತು ವರ್ಷದ ಹಳೆಯ ಬೆಲ್ಟು ಅದನ್ನು ಸುತ್ತಿ ಬರಲೇ ಇಲ್ಲ.

"ರೀ, ನಮ್ಮ ಕಾರು ಎಲ್ಲೈತಿ?"

"ಸಾಲಿಮ್ ಒಯ್ದಾನ. ಅದಕ್ಕ ಇದು, ಇದಕ್ಕ ಅದು. ಸಮಾಸಮ."

"ಕಾಗದಪತ್ರ?"

"ಬುಕ್ರಾ ಅಂದಾನ."

ಒಮಾನಿನಲ್ಲಿ ಬುಕ್ರಾ ಎಂದರೆ ನಾಳೆ. ಯಾವ ನಾಳೆ ಎಂದು ಕೇಳುವ ಪದ್ಧತಿ ಇಲ್ಲ. ಸಾಲಿಮ್ ಶಿವಪ್ರಕಾಶ ಕೆಲಸ ಮಾಡುವ ಕಾರ್ಖಾನೆಯಲ್ಲಿ ಲಾರಿಗಳ ಉಸ್ತುವಾರಿ ನೋಡುವ ಒಮಾನಿ. ಕಾರ್ವೆಟ್ಟು ಅವನ ಅಂಗಳದಲ್ಲಿ ಖರ್ಜೂರದ ಮರದ ಕೆಳಗೆ ವರ್ಷಗಟ್ಟಲೆ ಹಕ್ಕಿಗಳ ಹಿಕ್ಕೆ ಹೊದ್ದು ನಿಂತಿತ್ತು.

ಶಿವಪ್ರಕಾಶನನ್ನು ಕೆಟ್ಟವನು ಎನ್ನುವಂತಿಲ್ಲ. ಕುಡಿಯುವುದಿಲ್ಲ, ಕೂಗಾಡುವುದಿಲ್ಲ, ಮಗುವಿನ ಡೈಪರ್ ಬದಲಿಸುತ್ತಾನೆ. ಬದಲಿಸಿದ್ದನ್ನು ಆಮೇಲೆ ಇಡೀ ಕಟ್ಟಡಕ್ಕೆ ಹೇಳಿಕೊಂಡು ಬರುತ್ತಾನೆ, ಅಷ್ಟೆ. ಎಂಟನೆಯ ಇಯತ್ತೆಯಲ್ಲಿದ್ದಾಗ ಹುಬ್ಬಳ್ಳಿಯ ಟೈರ್ ಅಂಗಡಿಯೊಂದರ ಕ್ಯಾಲೆಂಡರಿನಲ್ಲಿ ಇಂಥದ್ದೇ ಕೆಂಪು ಕಾರನ್ನು ನೋಡಿದ್ದ. ಕ್ಯಾಲೆಂಡರಿನಲ್ಲಿ ಕಾರಿಗೆ ಒರಗಿಕೊಂಡು ಒಬ್ಬಳು ಹೆಂಗಸೂ ಇದ್ದಳಂತೆ. ತಾನು ನೋಡಿದ್ದು ಕಾರನ್ನು ಮಾತ್ರ ಎಂದು ಅವನು ಇಂದಿಗೂ ಹೇಳುತ್ತಾನೆ, ಐಶ್ವರ್ಯಾ ಅದನ್ನು ನಂಬಿದವಳ ಹಾಗೆ ಇರುತ್ತಾಳೆ.

ರುಸೈಲಿನ ಆ ಪ್ಲಾಸ್ಟಿಕ್ ಬಾಟಲಿ ಕಾರ್ಖಾನೆಯಲ್ಲಿ ಅವನು ಕಂಪ್ರೆಸರ್ ಎಂಜಿನಿಯರ್. ಒತ್ತಿ ತುಂಬಿದ ಗಾಳಿ ಪೈಪುಗಳಲ್ಲಿ ಓಡಾಡುವುದನ್ನು ಕಾಯುವ ಕೆಲಸ. ಗಾಳಿ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಪೈಪಿನ ಮೇಲೆ ಸಾಬೂನು ನೀರು ಬಳಿಯುತ್ತಾರೆ. ಸೋರುವಲ್ಲಿ ಗುಳ್ಳೆ ಏಳುತ್ತದೆ. ಇಷ್ಟೇ ವಿದ್ಯೆ. ಶಿವಪ್ರಕಾಶ ಮಾತ್ರ ಇದನ್ನು ಮಂತ್ರೋಪದೇಶದ ಹಾಗೆ ಸ್ವೀಕರಿಸಿದ್ದ. ಮದುವೆಯಾಗಿ ಐಶ್ವರ್ಯಾ ಮಸ್ಕತ್ತಿಗೆ ಬಂದ ಮೊದಲ ದಿನ ಅವಳ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು, ಗ್ಯಾಸಿನ ಪೈಪಿಗೆ ಸಾಬೂನು ನೀರು ಹಚ್ಚಿ, "ನೋಡು, ಒಂದ ಗುಳ್ಳಿ ಇಲ್ಲ" ಎಂದಿದ್ದ. ಅವನ ಪ್ರೇಮ ನಿವೇದನೆ ಅದೇ ಆಗಿತ್ತು ಎಂದು ಅವಳಿಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಆಮೇಲೆ ಕುಕ್ಕರಿನ ರಬ್ಬರಿಗೂ, ಸೈಕಲ್ ಟ್ಯೂಬಿಗೂ, ಮಗುವಿನ ಹಾಲಿನ ಬಾಟಲಿಗೂ ಸಾಬೂನು ನೀರಿನ ಅಭಿಷೇಕವಾಯಿತು.

ಕತ್ತಲಾಗುತ್ತಲೇ ಶಿವಪ್ರಕಾಶ ಕಾರಿನ ಇಂಜಿನ್ ಚಾಲೂ ಮಾಡಿ ದೀಪದ ಗುಂಡಿ ಎಳೆದ. ಈ ಕಾರಿನ ದೀಪಗಳು ಹಗಲೆಲ್ಲ ಮೂತಿಯೊಳಗೆ ಮುಚ್ಚಿಕೊಂಡಿರುತ್ತವೆ, ಬೇಕೆಂದಾಗ ಮೇಲೆದ್ದು ಬರುತ್ತವೆ. ಬಲಗಣ್ಣು ಗಂಭೀರವಾಗಿ ಎದ್ದಿತು. ಎಡಗಣ್ಣು ಏಳಲಿಲ್ಲ.

"ಅಯ್ಯ, ಕಣ್ಣು ಹೊಡೀತೈತಲ್ಲೋ!" ಎಂದಳು ಮಲ್ಲಕ್ಕ. "ಈ ವಯಸ್ಸಿನ್ಯಾಗ ಇದಕ್ಕಿದು ಬೇಕಾಗಿತ್ತಾ?"

ಮುಂದಿನ ದಿನಗಳಲ್ಲಿ ಕಾರು ತನ್ನ ಉಳಿದ ಗುಣಗಳನ್ನೂ ಒಂದೊಂದಾಗಿ ತೋರಿಸಿತು. ಡ್ಯಾಶ್‌ಬೋರ್ಡಿನ ಗಡಿಯಾರ ಯಾವುದೋ ಕಾಲದ ಹತ್ತೂ ಇಪ್ಪತ್ತಕ್ಕೆ ನಿಂತಿತ್ತು. ಪೆಟ್ರೋಲಿನ ಮುಳ್ಳು ಟ್ಯಾಂಕು ಯಾವಾಗಲೂ ಅರ್ಧ ತುಂಬಿದೆ ಎನ್ನುವ ಆಶಾವಾದಿ. ವೈಪರುಗಳು ಒಂದು ಫಲಕದ ಕೆಳಗೆ ಅಡಗಿರುತ್ತಿದ್ದವು, ಫಲಕ ಎದ್ದರೆ ತಾನೇ ಅವು ಏಳುವುದು! ಮಳೆ ಅಪರೂಪವಾದ ದೇಶವಾದ್ದರಿಂದ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮೈ ಫೈಬರ್‌ಗ್ಲಾಸಿನದು, ತುಕ್ಕು ಹಿಡಿಯುವುದಿಲ್ಲ ಎಂದು ಶಿವಪ್ರಕಾಶ ಬೀಗಿದ. ಒಳಗಿನ ಕಬ್ಬಿಣದ ಚೌಕಟ್ಟು ಹಿಡಿಯುತ್ತದೆ ಎಂದು ಆಮೇಲೆ ಗೊತ್ತಾಯಿತು.

ಒಂದು ಶನಿವಾರ ಮಧ್ಯಾಹ್ನ ಇಳಿಹೊತ್ತಿನಲ್ಲಿ ಅವ್ವನನ್ನು ಸುತ್ತಾಡಿಸಿ ಬರುತ್ತೇನೆಂದು ಟಾಪು ಮಡಚಿ ಹೊರಟ. ಜೂನ್ ತಿಂಗಳು. ಅಲ್ ಖುವೈರಿನ ಹತ್ತಿರ ಹೆದ್ದಾರಿಯಲ್ಲಿ ವಾಹನಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಾಗ ಶಾಖದ ಮುಳ್ಳು ಏರತೊಡಗಿತು. ಶಿವಪ್ರಕಾಶ ಎಲ್ಲೋ ಓದಿದ್ದನ್ನು ನೆನಪಿಸಿಕೊಂಡು ಹೀಟರ್ ಪೂರ್ತಿ ಹಾಕಿದ.

"ಇಂಜಿನ್ನಿನ ಬಿಸಿ ನಮ್ಮ ಕಡೆ ಬರ್ತೈತಿ ಅವ್ವಾ. ಅದು ತಂಪಾಗ್ತೈತಿ."

"ಮ್ಯಾಲ ಸೂರ್ಯ, ಕೆಳಗ ಒಲಿ, ನಡುವ ನಾನು ರೊಟ್ಟಿ," ಎಂದಳು ಮಲ್ಲಕ್ಕ. "ಮಗ್ಗಲಾ ಬದಲಿಸೂದು ಯಾವಾಗ ಹೇಳು, ಒಂದ ಕಡೆ ಹೊತ್ತೀತು."

ಕಾರು ಬುಸ್ಸೆಂದು ಬಿಳಿ ಆವಿ ಬಿಟ್ಟು ರಸ್ತೆಯ ಬದಿಯಲ್ಲಿ ನಿಂತಿತು. ಪಕ್ಕದಲ್ಲಿ ಹಾದುಹೋದ ಬಸ್ಸಿನ ತುಂಬ ಜನ ಮೊಬೈಲ್ ಹಿಡಿದು ಫೋಟೋ ತೆಗೆದರು. ಮಲ್ಲಕ್ಕ ಅಂದಿನಿಂದ ಆ ಕಾರಿನಲ್ಲಿ ಕೂರಲಿಲ್ಲ.

ಕಾರನ್ನು ಎಳೆಸಿಕೊಂಡು ಹೋಗಿ ಸೇರಿಸಿದ್ದು ವಾದಿ ಕಬೀರಿನ ಮಮ್ಮದರ ಗ್ಯಾರೇಜಿಗೆ. ಮಮ್ಮದ್ ವಿಟ್ಲದ ಕಡೆಯ ಬ್ಯಾರಿಗಳು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಹಳೆಯ ಅಮೆರಿಕನ್ ಕಾರು ಎಂದರೆ ಅವರಿಗೆ ಇಷ್ಟ, ಏಕೆಂದರೆ ಒಮ್ಮೆ ಬಂದದ್ದು ಮತ್ತೆ ಮತ್ತೆ ಬರುತ್ತದೆ.

"ಇದು ಗಲ್ಲದ ಅಡಿಯಿಂದ ಗಾಳಿ ಎಳ್ಕೊಳ್ಳುವ ಜಾತಿ ಮಾರಾಯ್ರೆ," ಎಂದರು ಬಾನೆಟ್ಟಿನೊಳಗೆ ತಲೆ ಹಾಕಿ. "ರೇಡಿಯೇಟರಿನ ಸುತ್ತ ಸ್ಪಂಜಿನ ಪಟ್ಟಿ ಉಂಟಲ್ಲ, ಅದನ್ನು ಯಾರೋ ಕಿತ್ತು ಬಿಸಾಡಿದ್ದಾರೆ. ಗಾಳಿಯೆಲ್ಲ ಸಂದಿಯಲ್ಲಿ ಓಡಿ ಹೋಗ್ತದೆ, ರೇಡಿಯೇಟರಿಗೆ ಎಂತದೂ ಇಲ್ಲ. ಅದು ಮಾಡುವ. ಆದ್ರೆ ಗಾಡಿ ಮಾತ್ರ ಗಾಡಿಯೇ! ಇದು ಕಾರಲ್ಲ ಎಂಜಿನಿಯರ್ರೇ, ಇದು ಪ್ರೀತಿ."

"ಕೇಳಿದಿ?" ಎಂದು ಶಿವಪ್ರಕಾಶ ಜೊತೆಗೆ ಬಂದಿದ್ದ ಹೆಂಡತಿಯ ಕಡೆ ತಿರುಗಿದ.

"ಮಮ್ಮದ್‌ಭಾಯ್, ನೀವು ಯಾವ ಕಾರು ಓಡಸ್ತೀರಿ?" ಎಂದು ಐಶ್ವರ್ಯಾ ಕೇಳಿದಳು.

"ನಾನಾ ಅಕ್ಕ? ನಂದು ಜಪಾನಿ. ನನಗೆ ದಿನಾ ಗ್ಯಾರೇಜಿಗೆ ಬರ್ಲಿಕ್ಕುಂಟಲ್ಲ."

ಶಾಖದ ರೋಗ ಒಂದು ಮಟ್ಟಕ್ಕೆ ಇಳಿಯಿತು. ಉಳಿದದ್ದು ಕಣ್ಣು. ಈ ದೀಪಗಳನ್ನು ಎತ್ತುವುದು ಮೋಟಾರಲ್ಲ, ಗಾಳಿ ಎಂದು ಮಮ್ಮದ್ ಹೇಳಿದ್ದೇ ತಡ, ಶಿವಪ್ರಕಾಶನ ಮುಖ ಅರಳಿತು. ಗಾಳಿಯೇ? ಗಾಳಿಯ ವಿಷಯ ಗಾಳಿಯವನಿಗೆ ಬಿಡಬೇಕು! ಇಂಜಿನ್ನು ಸಪೂರ ಪೈಪುಗಳ ಮೂಲಕ ಗಾಳಿಯನ್ನು ಹೀರುತ್ತದೆ, ಆ ಹೀರುವ ಬಲಕ್ಕೆ ದೀಪದ ಹಿಂದಿನ ರಬ್ಬರಿನ ಪರದೆ ಸೆಳೆದುಕೊಂಡು ದೀಪ ಏಳುತ್ತದೆ ಎಂದು ಮಮ್ಮದ್ ಪೂರ್ತಿ ಹೇಳುವಷ್ಟರಲ್ಲಿ ಅವನು ಬಕೆಟ್ಟಿನಲ್ಲಿ ಸಾಬೂನು ಕಲಸುತ್ತಿದ್ದ. ಇಂಜಿನ್ ಚಾಲೂ ಇಟ್ಟು, ಬಣ್ಣದ ಬ್ರಷ್ಷಿನಿಂದ ಒಂದೊಂದು ಪೈಪಿಗೂ ಹಚ್ಚಿದ. ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ.

"ಲೀಕ್ ಇಲ್ಲ," ಎಂದು ತೀರ್ಪು ಕೊಟ್ಟ. "ಎಡಗಣ್ಣಿಗೆ ಬಲ ಸಾಲವಲ್ದು. ಸ್ವಲ್ಪ ಗಾಳಿ ತುಂಬಿದ್ರ ಕಣ್ಣು ಬಿಡತೈತಿ."

"ಬೇಡ ಮಾರಾಯ್ರೆ, ಅದು ಎಳೆಯುವ ಪೈಪು, ಊದುವ ಪೈಪಲ್ಲ," ಎಂದರು ಮಮ್ಮದ್, ಆದರೆ ಅಷ್ಟು ಜೋರಾಗಿ ಹೇಳಲಿಲ್ಲ. ಹೊಸ ಭಾಗ ತರಿಸಿಕೊಡುವುದು ಅವರೇ ತಾನೆ! ಶಿವಪ್ರಕಾಶ ಟೈರಿಗೆ ಗಾಳಿ ಹಾಕುವ ಹೋಸನ್ನು ಆ ಸಪೂರ ಪೈಪಿಗೆ ಇಟ್ಟು ಒತ್ತಿದ. ಒಳಗೆಲ್ಲೋ ಪುಸಕ್ಕೆಂದಿತು. ಎಡಗಣ್ಣು ಮುಚ್ಚಿದಂತೆಯೇ ಇತ್ತು. ಇಷ್ಟು ದಿನ ನಿಯತ್ತಾಗಿ ಏಳುತ್ತಿದ್ದ ಬಲಗಣ್ಣೂ ಅಂದಿನಿಂದ ಮುಚ್ಚಿತು.

"ಒಕ್ಕಣ್ಣ ಇತ್ತು, ಕುರುಡ ಮಾಡಿ ತಂದ್ಯಾ?" ಎಂದಳು ಮಲ್ಲಕ್ಕ. ಅಂದಿನಿಂದ ಕಾರು ಕತ್ತಲಲ್ಲಿ ಹೊರಡಬೇಕಾದರೆ ಯಾರಾದರೂ ಮುಂದೆ ಕೂತು ಎರಡು ರೆಪ್ಪೆಗಳನ್ನೂ ಕೈಯಿಂದ ಎತ್ತಿ ನಿಲ್ಲಿಸಬೇಕಾಯಿತು, ಹಟ ಹಿಡಿದ ಹುಡುಗಿಗೆ ಕಾಡಿಗೆ ಹಚ್ಚುವವರ ಹಾಗೆ.

ಐಶ್ವರ್ಯಾ ಇಷ್ಟು ದಿನ ನಕ್ಕಿದ್ದಳು. ಈಗ ರಜೆಯ ವಾರಗಳು ಕರಗುತ್ತ ಬಂದಂತೆ ನಗು ಕಡಿಮೆಯಾಯಿತು. ದಿನಾ ಎರಡು ಹೊತ್ತು ಟ್ಯಾಕ್ಸಿಯಲ್ಲಿ, ಬೇಬಿ ಸೀಟಿಲ್ಲದೆ, ನಾಲ್ಕು ತಿಂಗಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಆ ಹೆದ್ದಾರಿಯಲ್ಲಿ ಹೋಗುವುದು ಅವಳಿಂದ ಸಾಧ್ಯವಿರಲಿಲ್ಲ.

"ರೀ, ನಾ ಕೆಲಸಕ್ಕ ಹೋಗಬೇಕೋ ಬ್ಯಾಡೋ? ಅಷ್ಟು ಹೇಳ್ರಿ."

"ಹೋಗು ಅಂದೀನಲ್ಲ. ನಾ ಎಂದರ ಬ್ಯಾಡ ಅಂದೀನೇನು?"

"ಬಾಯಿಲೆ ಅಂದಿಲ್ಲ. ಕಾರಿಲೆ ಅಂದೀರಿ."

ಅದೇ ವಾರ ಸಾಲಿಮನ ಫೋನು ಬಂತು. ಶಿವಪ್ರಕಾಶ ಮಗುವಿಗೆ ತಟ್ಟುತ್ತಿದ್ದುದರಿಂದ ಸ್ಪೀಕರ್ ಹಾಕಿದ. ಸಾಲಿಮ್ ತನ್ನ ಹಿಂದಿಯಲ್ಲಿ ಬಹಳ ಮೆತ್ತಗೆ ಮಾತಾಡಿದ. ವಿಷಯ ಇಷ್ಟೆ. ಆ ಕಾರು ನಿಜವಾಗಿ ಅವನದಲ್ಲ, ಹೆಂಡತಿಯ ಅಪ್ಪನದು. ತೀರಿಹೋದ ಅಪ್ಪ ಅದರಲ್ಲಿ ಮಗಳನ್ನು ಕೂರಿಸಿಕೊಂಡು ನಿಜ್ವಾದವರೆಗೆ ಹೋಗುತ್ತಿದ್ದರಂತೆ. ತವರಿಗೆ ಹೋಗಿದ್ದ ಹೆಂಡತಿ ಮರಳಿ ಬಂದು ಖರ್ಜೂರದ ಮರದ ಕೆಳಗೆ ನೋಡಿ, ಕಾರೆಲ್ಲಿ ಎಂದು ಕೇಳಿದ್ದಾಳೆ.

"ಇಂಡಿಯಾದ ದೊಡ್ಡ ಎಂಜಿನಿಯರ್ ಒಬ್ಬನ ಹತ್ತಿರ ಕಣ್ಣು ರಿಪೇರಿಗೆ ಕಳಿಸಿದ್ದೇನೆ ಎಂದೆ, ಶಿವಾ. ನಿನ್ನ ಬಿಳಿ ಕಾರು ಅಲ್ಲಿಯವರೆಗೆ ಓಡಿಸಲು ಕೊಟ್ಟದ್ದು ಎಂದೆ. ಈಗ ಎರಡೂ ಕಣ್ಣು ತೆರೆದ ಕಾರು ಮನೆಗೆ ಬರಬೇಕು. ಒಂದು ಕಣ್ಣು ತೆರೆದು ಬಂದರೆ ಅವಳು ನನ್ನ ಎರಡೂ ಕಣ್ಣು ಮುಚ್ಚಿಸುತ್ತಾಳೆ. ಕಣ್ಣು ತೆರೆಸು, ನಿನ್ನ ಕಾರು ಒಯ್ಯಿ. ಖಲಾಸ್."

ಶಿವಪ್ರಕಾಶ ತಲೆಯೆತ್ತಿ ನೋಡಿದ. ಎದುರಿಗೆ ಹೆಂಡತಿ ನಿಂತಿದ್ದಳು, ಪಕ್ಕದಲ್ಲಿ ತಾಯಿ ಕೂತಿದ್ದಳು, ತೊಡೆಯ ಮೇಲೆ ಮಗಳಿದ್ದಳು. ಮೂರು ತಲೆಮಾರಿನ ಹೆಂಗಸರು ಅವನನ್ನೇ ನೋಡುತ್ತಿದ್ದರು. "ಆಯ್ತು," ಎಂದ.

ಮಮ್ಮದ್ ಅಮೆರಿಕದಿಂದ ತರಿಸಿದ ಹೊಸ ಭಾಗ ಕೂರಿಸಿದ ಮೇಲೆ ಬಲಗಣ್ಣು ಮತ್ತೆ ಏಳತೊಡಗಿತು. ಎಡಗಣ್ಣು ಮಾತ್ರ ಹಿಂದಿನಂತೆಯೇ. ಶಿವಪ್ರಕಾಶ ಪ್ರತಿ ಸಂಜೆ ಕೆಲಸದಿಂದ ಬಂದು, ಬಕೆಟ್ಟು ಹಿಡಿದು ಕೆಳಗಿಳಿದು, ಪೈಪುಗಳಿಗೆ ಸಾಬೂನು ಹಚ್ಚಿ, ಗುಳ್ಳೆ ಇಲ್ಲ ಎಂದು ಮೇಲೆ ಬರುತ್ತಿದ್ದ. ಮನೆಯ ಪಾತ್ರೆ ತೊಳೆಯುವ ಸಾಬೂನು ವಾರಕ್ಕೊಂದು ಡಬ್ಬಿ ಮುಗಿಯಿತು. ಇಂಜಿನ್ ಮಾತ್ರ ಫಳಫಳ ಹೊಳೆಯುತ್ತಿತ್ತು.

ಆಫೀಸಿಗೆ ಹೊರಡುವ ದಿನ ಹತ್ತಿರವಾದ್ದರಿಂದ ಐಶ್ವರ್ಯಾ ಮಗುವಿಗೆ ಹಾಲು ತೆಗೆದಿಡುವ ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅವಳ ಹಾಲಿನ ಪಂಪು ಗುರ್ ಎನ್ನುತ್ತಿತ್ತೇ ಹೊರತು ಎಳೆಯಲೊಲ್ಲದು. ಬಾಟಲಿ ಸೋರುತ್ತಿರಲಿಲ್ಲ, ಎಲ್ಲಿಯೂ ತೇವವಿಲ್ಲ. ನಳಿಗೆಯನ್ನು ಬೆಳಕಿಗೆ ಹಿಡಿದಳು. ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಅದರ ಮೇಲೆ ಹೆಬ್ಬೆರಳು ಇಟ್ಟಳು, ಚರ್ಮವನ್ನು ಚುಂಯ್ ಎಂದು ಒಳಗೆಳೆದುಕೊಂಡಿತು, ಪಂಪು ಎಳೆಯತೊಡಗಿತು. ಡಬ್ಬಿಯಲ್ಲಿ ಹೆಚ್ಚಿಗೆ ಕೊಟ್ಟಿದ್ದ ಎರಡು ನಳಿಗೆಗಳಲ್ಲಿ ಒಂದನ್ನು ಹಾಕಿದಳು. ಇನ್ನೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅತ್ತಿ," ಎಂದಳು. "ಎಳಕೊಳ್ಳೂ ಪೈಪಿಗೆ ತೂತು ಬಿದ್ರ ಗುಳ್ಳಿ ಹೊರಗ ಹೆಂಗ ಬರ್ತಾವ? ಒಳಗ ಹೋಗ್ತಾವ."

"ಹೌದಲ್ಲ ಮತ್ತ. ಅಂವಗ ಹೇಳು."

ಅವಳು ಹೇಳದೆ ಇರಲಿಲ್ಲ. ಅಂದು ಸಂಜೆ ಚಹದ ಜೊತೆ ಹೇಳಿದಳು. ಶಿವಪ್ರಕಾಶ ಅವಳ ತಲೆ ಸವರಿ ನಕ್ಕ. "ಐಶೂ, ನಾ ಇಷ್ಟು ವರ್ಷ ಗಾಳಿಯೊಳಗ ಕಳದೀನಿ. ಹಾಲಿನ ಪಂಪು ಬ್ಯಾರೆ, ವಿ-ಎಂಟು ಇಂಜಿನ್ನು ಬ್ಯಾರೆ."

ಶುಕ್ರವಾರ ಬೆಳಿಗ್ಗೆ ಅವನು ಹಳೆಯ ಕಾರುಗಳ ಗೆಳೆಯರೊಡನೆ ಖುರುಮ್‌ನಲ್ಲಿ ಚಹ ಕುಡಿಯಲು ಇನ್ನೊಬ್ಬರ ಕಾರಿನಲ್ಲಿ ಹೋದ. ಅತ್ತೆ ಸೊಸೆ ಪಾರ್ಕಿಂಗಿಗೆ ಇಳಿದರು. ಮಲ್ಲಕ್ಕ ಕೂಸನ್ನು ಎತ್ತಿಕೊಂಡು ಹೊಗೆ ತಾಗದಷ್ಟು ದೂರ, ಗಾಳಿಯಾಡುವ ಕಡೆ ನಿಂತಳು. ಐಶ್ವರ್ಯಾ ಇಂಜಿನ್ ಚಾಲೂ ಮಾಡಿ, ದೀಪದ ಗುಂಡಿ ಎಳೆದು, ಕೂದಲು ಬಿಗಿಯಾಗಿ ಕಟ್ಟಿಕೊಂಡು, ಗಂಡನದೇ ಬ್ರಷ್ಷು ಅದ್ದಿ ಗಂಡನದೇ ಸಾಬೂನು ನೀರನ್ನು ಎಡಗಣ್ಣಿಗೆ ಹೋಗುವ ಪೈಪಿನುದ್ದಕ್ಕೂ ದಪ್ಪಗೆ ಬಳಿದಳು. ಆದರೆ ಗುಳ್ಳೆ ಏಳುವುದನ್ನು ಕಾಯಲಿಲ್ಲ. ನೊರೆ ಎಲ್ಲಿ ಕಾಣೆಯಾಗುತ್ತದೆ ಎಂದು ನೋಡಿದಳು. ದೀಪದ ಹಿಂದೆ ಪೈಪು ತಿರುಗುವ ಕಡೆ ಬಿಳಿಯ ನೊರೆ ಮೆಲ್ಲಗೆ ಸೀಳಿನೊಳಗೆ ಇಳಿದುಹೋಯಿತು, ಕೂಸು ಬಾಯಿಗೆ ಬಂದ ಹಾಲನ್ನು ಚೀಪಿದ ಹಾಗೆ.

ಇಷ್ಟು ವಾರ ಈ ಕಾರು ಸಾಬೂನು ನೀರು ಕುಡಿಯುತ್ತಲೇ ಇತ್ತು.

ಸೀಳಿದ ತುಂಡನ್ನು ಕತ್ತರಿಸಿ ತೆಗೆದು, ನಡುವೆ ಹಾಲಿನ ಪಂಪಿನ ನಳಿಗೆಯ ತುಂಡು ಸೇರಿಸಿದಳು. ಎಡಗಣ್ಣು ಒಮ್ಮೆ ಅದುರಿತು, ಆಮೇಲೆ ನಿದ್ದೆಯಿಂದ ಏಳುವ ಮುದುಕನಂತೆ ನಿಧಾನವಾಗಿ ಮೇಲೆದ್ದಿತು. ಎರಡು ಕಣ್ಣೂ ತೆರೆದಾಗ ಆ ಕಾರು ಚೆಂದವಿದೆ ಎಂದು ಅವಳು ಮೊದಲ ಸಲ ಒಪ್ಪಿಕೊಂಡಳು. ಅಪ್ಪನ ಪಕ್ಕ ಕೂತು ನಿಜ್ವಾಕ್ಕೆ ಹೋದ ಹುಡುಗಿಯೊಬ್ಬಳ ನೆನಪಾಯಿತು. ಇಂಜಿನ್ನಿನ ಗುಡುಗುಡು ದನಿಗೆ ಇಂಚರಾ ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಜೋಗುಳಕ್ಕೂ ಜಗ್ಗದ ಕೂಸು ಅದು.

"ಅಂವಗ ಏನ ಹೇಳ್ತೀ?" ಎಂದಳು ಮಲ್ಲಕ್ಕ.

"ಏನೂ ಬ್ಯಾಡ ಅತ್ತಿ. ಯಾರು ಮಾಡಿದ್ರೇನು? ಸಾಲಿಮ್ ಬಂದು ಒಯ್ದ್ರ ಸಾಕು."

ಮಧ್ಯಾಹ್ನ ಶಿವಪ್ರಕಾಶ ಬಂದು ಗುಂಡಿ ಎಳೆದ. ಎರಡೂ ಕಣ್ಣು ಎದ್ದವು. ಅವನು ಕಾರಿನಿಂದ ಹಾರಿ ಇಳಿದು, ಒಮ್ಮೆ ಕಾರನ್ನೂ ಒಮ್ಮೆ ಆಕಾಶವನ್ನೂ ನೋಡಿ, ಸ್ವಲ್ಪವೂ ತಡಮಾಡದೆ ಕಾರಣ ಕಂಡುಹಿಡಿದ. "ನಾ ಅಂದಿದ್ನಲ್ಲ! ರಬ್ಬರ್ ಗಟ್ಟಿಯಾಗಿತ್ತು. ದಿನಾ ಸಾಬೂನು ಹಚ್ಚಿ ಹಚ್ಚಿ ಮೆತ್ತಗಾತು!" ಕಣ್ಣು ತೆರೆದು ಮುಚ್ಚುವುದನ್ನು ವಿಡಿಯೋ ಮಾಡಿ, ತನ್ನ ದನಿಯಲ್ಲೇ ವಿವರಣೆ ಸೇರಿಸಿ, ಗೆಳೆಯರ ಗುಂಪಿಗೆ ಹಾಕಿದ. ಶಭಾಷ್‌ಗಿರಿಯ ಸುರಿಮಳೆಯಾಯಿತು.

"ಸಾಲಿಮ್‌ಗ ಫೋನ್ ಮಾಡ್ರಿ," ಎಂದಳು ಐಶ್ವರ್ಯಾ. "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನಾ ಆಫೀಸಿಗೆ ಹೋಗಬೇಕು."

ಶಿವಪ್ರಕಾಶ ಕಾರಿನ ಬಾಗಿಲನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅಲ್ಲ ಐಶೂ... ಈಗ ಪೂರಾ ಸರಿ ಆಗೇತಿ. ಈಗ ಕೊಟ್ರ ಹೆಂಗ? ನೀ ಇನ್ನೊಂದೆರಡು ತಿಂಗಳು ರಜಾ ಕೇಳಿ ನೋಡಲ್ಲ. ಕೂಸಿಗೂ ಚಲೋ."

ಮಲ್ಲಕ್ಕ ಬಾಯಿ ತೆರೆದಳು. ಐಶ್ವರ್ಯಾ ಕಣ್ಸನ್ನೆ ಮಾಡಿ ಸುಮ್ಮನಿರಿಸಿದಳು. ಕೂಸಿಗೂ ಚಲೋ ಎಂಬ ಮಾತು ಅವಳಿಗೆ ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತ್ತು. ಅವಳು ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ಕಸದ ಚೀಲ ಹಾಕಲು ಕೆಳಗಿಳಿದವಳು ಬಾನೆಟ್ ಎತ್ತಿ, ನಳಿಗೆಯ ಒಂದು ತುದಿಯನ್ನು ಉಗುರಿನಷ್ಟು ಹಿಂದಕ್ಕೆ ಎಳೆದು, ಹಾಗೆಯೇ ಒರಗಿಸಿಟ್ಟು ಬಂದಳು. ನೋಡಿದವರಿಗೆ ಕೂಡಿಕೊಂಡೇ ಇದೆ ಎನಿಸಬೇಕು.

ವಿಡಿಯೋ ನೋಡಿದ ಗೆಳೆಯರು ಆ ಸಂಜೆಯೇ ತಂಡ ಕಟ್ಟಿಕೊಂಡು ಬಂದರು. ಶಿವಪ್ರಕಾಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಪೆಸಿಫಿಕೇಶನ್ನು ಪೂರ್ತಿ ಹೇಳಿ, ಕ್ಯೂಬಿಕ್ ಇಂಚು, ಲೀಟರು, ಕುದುರೆ ಯಾವುದನ್ನೂ ಬಿಡದೆ, ಗುಂಡಿ ಎಳೆದ. ಬಲಗಣ್ಣು ಎದ್ದಿತು. ಎಡಗಣ್ಣು ಏಳಲಿಲ್ಲ. ಗೆಳೆಯರ ಗುಂಪಿನ ಮುಂದೆ ಕಾರು ಕಣ್ಣು ಹೊಡೆಯಿತು.

"ಇದಕ್ಕ ಮಂದಿ ಕಂಡ್ರ ಚಾಳಿ," ಎಂದಳು ಮಲ್ಲಕ್ಕ ಬಾಲ್ಕನಿಯಿಂದ.

ಮಂಗಳೂರಿನ ಗೆಳೆಯ ಕ್ಲೇಟನ್, "ವಿಡಿಯೋ ಎಡಿಟ್ ಒಳ್ಳೇದು ಮಾಡಿದ್ದೀರಿ ಮಾರಾಯ್ರೆ," ಎಂದು ಬೆನ್ನು ತಟ್ಟಿ ಹೋದ. ಶಿವಪ್ರಕಾಶ ಬಕೆಟ್ಟು ತಂದ. ಸಾಬೂನು ಬಳಿದ. ಉಗುರಿನಷ್ಟು ಸರಿದ ಆ ನಳಿಗೆಯ ಮೇಲೂ ಬಳಿದ, ಅದು ಏನೆಂದು ಗುರುತಿಸಲೂ ಇಲ್ಲ, ಏಕೆಂದರೆ ಅವನ ಕಣ್ಣು ಹುಡುಕುತ್ತಿದ್ದದ್ದು ಗುಳ್ಳೆಯನ್ನು. ಕಾರು ಸಾಬೂನು ನೀರನ್ನು ತೃಪ್ತಿಯಿಂದ ಕುಡಿಯಿತು. ನಾಲ್ಕು ದಿನ ಹೀಗೆಯೇ ನಡೆಯಿತು. ಬುಧವಾರ ಸಂಜೆ ಅವನು ಬಕೆಟ್ಟನ್ನು ಬಚ್ಚಲಲ್ಲಿ ಕವುಚಿಟ್ಟು ಸೋಫಾದ ಮೇಲೆ ಕುಸಿದು ಕೂತ.

"ಇದರ ಸವಾಸ ಸಾಕು," ಎಂದ. "ಕಣ್ಣು ತೆರೆದ್ರ ಸಾಲಿಮ್‌ಗ ಕೊಟ್ಟ ಬಿಡ್ತಿದ್ದೆ ನೋಡು."

"ಖರೇನಾ?"

"ನಿನ್ನಾಣಿ."

"ನನ್ನಾಣಿ ಬ್ಯಾಡ, ಫೋನ್ ಮಾಡ್ರಿ. ಗುರುವಾರ ಸಂಜಿಗೆ ಬಾ ಅನ್ರಿ. ಕಣ್ಣಿನ ಮಾತು ಆಮ್ಯಾಲ ನೋಡೂಣು."

ಅವನು ಫೋನು ಮಾಡಿದ. ಸಾಲಿಮ್ ಯಲ್ಲಾ, ಆಗಲಿ ಎಂದ, ಬುಕ್ರಾ ಎಂದ. ಹೆಂಡತಿಗೆ ಹೆದರಿದ ಒಮಾನಿಯ ಬುಕ್ರಾ ನಿಜವಾಗಿಯೂ ಮರುದಿನವೇ ಎಂದು ಅಂದು ಗೊತ್ತಾಯಿತು. ಗುರುವಾರ ಸಂಜೆ ಬಿಳಿ ಜಪಾನಿ ಕಾರು ಕಟ್ಟಡದ ಮುಂದೆ ಬಂದು ನಿಂತಿತು. ಶಿವಪ್ರಕಾಶ ಸಾಲಿಮನಿಗೆ ಮನೆಯಲ್ಲಿ ಕಾಹ್ವಾ, ಅಂದರೆ ಅರಬ್ಬಿ ಕಾಫಿ, ಕುಡಿಸುತ್ತ ಮಾತಿನಲ್ಲಿ ಹಿಡಿದಿಟ್ಟಿದ್ದಾಗ ಐಶ್ವರ್ಯಾ ಮತ್ತೆ ಕಸದ ಚೀಲ ಹಿಡಿದು ಕೆಳಗಿಳಿದಳು.

ಸಾಲಿಮ್ ಗುಂಡಿ ಎಳೆದ. ಎರಡು ಕಣ್ಣೂ ಒಟ್ಟಿಗೆ, ಮದುಮಗಳ ಹಾಗೆ, ಮೆಲ್ಲಗೆ ಎದ್ದವು. ಶಿವಪ್ರಕಾಶ ಬಾಯಿ ತೆರೆದವನು ಮುಚ್ಚಲಿಲ್ಲ. ಸಾಲಿಮ್ ಅವನನ್ನು ಅಪ್ಪಿಕೊಂಡು, ಮೂಗಿಗೆ ಮೂಗು ತಾಗಿಸಿ, ನಿನ್ನಂಥ ಎಂಜಿನಿಯರ್ ಇಡೀ ಒಮಾನಿನಲ್ಲಿ ಇಲ್ಲ ಎಂದ. ಶಿವಪ್ರಕಾಶ ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದ. ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಕೈಬೀಸಿದ. ಅವನ ಕಣ್ಣು ಒದ್ದೆಯಾಗಿದ್ದನ್ನು ಐಶ್ವರ್ಯಾ ಕಂಡಳು, ಹತ್ತಿರ ಹೋಗಿ ಮಗುವನ್ನು ಅವನ ಕೈಗೆ ಕೊಟ್ಟಳು. ಗಂಡಸಿಗೆ ಅಳು ಬಂದಾಗ ಕೈ ಖಾಲಿ ಇರಬಾರದು.

"ನೋಡಿದಿ?" ಎಂದ ಅವನು ಮೂಗೆಳೆಯುತ್ತ. "ನಾಲ್ಕು ದಿನದ ಸಾಬೂನು. ಕೊನೀಗೂ ಕೆಲಸ ಮಾಡ್ತು."

"ಹೌದ್ರಿ," ಎಂದಳು ಐಶ್ವರ್ಯಾ.

ಭಾನುವಾರ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಬೇಬಿ ಸೀಟು ಕಟಕ್ಕೆಂದು ಕೂತಿತು. ಇಂಚರಾ ಅದರಲ್ಲಿ ರಾಣಿಯ ಹಾಗೆ ಕೂತಳು. ಪಂಪಿನ ಚೀಲ ಡಿಕ್ಕಿಯೊಳಗೆ ಹೋಯಿತು. ಡಿಕ್ಕಿ ಇತ್ತು! ಕಂಪನಿ ಬಸ್ಸು ಹತ್ತುವ ಜಾಗದವರೆಗೆ ಶಿವಪ್ರಕಾಶ ಪಕ್ಕದ ಸೀಟಿನಲ್ಲಿ ಕೂತ. ಎರಡು ನಿಮಿಷದಲ್ಲೇ ಎಸಿಯ ಕಿಂಡಿಗೆ ಅಂಗೈ ಹಿಡಿದ. ಹಣೆ ಗಂಟಿಕ್ಕಿದ.

"ತಂಪು ಕಡಿಮಿ ಆಗೇತಿ. ಸಾಲಿಮ್ ಏನೋ ಮಾಡ್ಯಾನ. ಗ್ಯಾಸ್ ಲೀಕ್ ಇದ್ದಂಗೈತಿ. ಸಂಜಿಗೆ ಒಂದೀಟು ಸಾಬೂನು ನೀರು ಹಚ್ಚಿ ನೋಡ್ತೀನಿ."

ಐಶ್ವರ್ಯಾ ಕನ್ನಡಿಯಲ್ಲಿ ಮಗುವನ್ನು ನೋಡಿ ಗಾಡಿ ಎಡಕ್ಕೆ ತಿರುಗಿಸಿದಳು. ಎಸಿಯ ಗ್ಯಾಸು ಒತ್ತಿ ತುಂಬಿದ್ದು, ಸೋರಿದರೆ ಹೊರಗೇ ಬರಬೇಕು. ಈ ಸಲ ಗುಳ್ಳೆ ಏಳುತ್ತದೆ.

"ಹಚ್ಚ್ರಿ," ಎಂದಳು. "ಪಾತ್ರೆ ಸಾಬೂನು ಮಾತ್ರ ಮುಗದೈತಿ. ಬರುವಾಗ ನೀವ ತರ್ರಿ."